ಒತ್ತು, ಒದ್ದು

ನಾನು ಮಾಲೂರು ಕಡೆಯವಳು. ಮುಳಬಾಗಿಲಿಗೆ ಸೊಸೆಯಾಗಿ ಬಂದು ಇಷ್ಟು ಕಾಲವಾದರೂ ನಮ್ಮತ್ತೆಯ ತೆಲುಗು ನನ್ನ ಕಿವಿಗೆ ಪೂರ್ತಿ ಇಳಿದಿಲ್ಲ. ಅತ್ತೆಯ ತವರು ರಾಯಲ್ಪಾಡು. ಅಲ್ಲಿಯವರ ಹಾಗೆ ಒಂದು ಮಾತನ್ನು ಕನ್ನಡದಲ್ಲಿ ಶುರು ಮಾಡಿ ತೆಲುಗಿನಲ್ಲಿ ಮುಗಿಸುತ್ತಾರೆ. ಗಾಬರಿಯಾದರಂತೂ ಬರೀ ತೆಲುಗೇ. ಬೇಡ ಅನ್ನೋದಕ್ಕೆ ತೆಲುಗಿನಲ್ಲಿ ವದ್ದು ಅಂತಾರಲ್ಲ, ಅದು ಅತ್ತೆಯ ಬಾಯಲ್ಲಿ ಒದ್ದು ಆಗುತ್ತೆ. ಇನ್ನೊಂದು ಮುದ್ದೆ ಹಾಕಲಾ ಅಂದರೆ ಒದ್ದು. ಫ್ಯಾನ್ ಹಾಕಲಾ ಅಂದರೆ ಒದ್ದು. ಹೊಸದರಲ್ಲಿ ನಾನು ಬೆಚ್ಚಿಬಿದ್ದಿದ್ದೆ, ಇವರು ಹೊತ್ತಾರೆ ಎದ್ದು ಯಾರನ್ನು ಒದೆಯೋ ಮಾತಾಡ್ತಾರಪ್ಪಾ ಅಂತ.

ಈ ಸಲದ ರಂಜಾನ್ ಹಬ್ಬದ ಬೆಳಿಗ್ಗೆ ಆ ಮಾತು ನನ್ನನ್ನು ಸರಿಯಾಗಿ ಆಟ ಆಡಿಸಿತು.

ನಮ್ಮ ಕಾರು ಬ್ರೇಕ್ ಹಾಕಿದಾಗೆಲ್ಲ ಕಿರ್ರೋ ಅಂತಿತ್ತು. ನಮ್ಮನೆಯವರು ನಾಳೆ ಮಾಡ್ತೀನಿ, ನಾಡಿದ್ದು ಮಾಡ್ತೀನಿ ಅಂತ ತಳ್ಳುತ್ತಾ ಬಂದರು. ಕೊನೆಗೆ ಪ್ಯಾಡು ಪೂರ್ತಿ ಸವೆದು ಕಬ್ಬಿಣಕ್ಕೆ ಕಬ್ಬಿಣ ತಿಕ್ಕೋ ಸದ್ದು ಬಂದ ಮೇಲೆ ಹೊಸ ಪ್ಯಾಡು, ಒಂದು ಬಾಟಲಿ ಬ್ರೇಕ್ ಆಯಿಲ್ ತಂದಿಟ್ಟರು. ತಂದ ಮಾರನೇ ದಿನವೇ ಹಬ್ಬ. ಹೈವೇ ಪಕ್ಕದ ನಮ್ಮ ಮೆಕ್ಯಾನಿಕ್ ಭಾಯಿ ಬಾಗಿಲು ಹಾಕಿಕೊಂಡು ಈದ್ಗಾಗೆ ಹೋಗಿದ್ದರು. "ಪ್ಯಾಡು ಹಾಕೋಕೆ ಭಾಯಿ ಯಾಕೆ, ನಾನೇ ಹಾಕ್ತೀನಿ" ಅಂತ ಇವರು ಪಂಚೆ ಎತ್ತಿಕಟ್ಟಿದರು.

ಮನೆ ಮುಂದಿನ ಹೊಂಗೆ ಮರದ ಕೆಳಗೆ ಕಾರಿಗೆ ಜಾಕ್ ಕೊಟ್ಟು, ಭದ್ರಕ್ಕೆ ಒಂದು ದಿಮ್ಮಿ ಇಟ್ಟು, ಹಿಂದಿನ ಚಕ್ರಕ್ಕೆ ಕಲ್ಲು ಒಡ್ಡಿದರು. ಎಡಗಡೆ ಸಲೀಸಾಗಿ ಆಯ್ತು. ಬಲಗಡೆ ಚಕ್ರ ಬಿಚ್ಚಿ ಹಳೇ ಪ್ಯಾಡು ಈಚೆ ತೆಗೆದರು. ನಾಲ್ಕಾಣೆ ಬಿಲ್ಲೆಗಿಂತ ತೆಳ್ಳಗಾಗಿತ್ತು. ನನ್ನ ಕೆಲಸ ಡ್ರೈವರ್ ಸೀಟಿನಲ್ಲಿ ಕೂತಿರೋದು. ಹೊಸ ಪ್ಯಾಡು ಕೂರಿಸಿ ಅವರು ಒತ್ತು ಅಂದಾಗ ಬ್ರೇಕ್ ಒತ್ತಬೇಕು. ಅಲ್ಲೀತನಕ ಪೆಡಲ್ ಮುಟ್ಟಕೂಡದು. ಪ್ಯಾಡು ಇಲ್ಲದಾಗ ಒತ್ತಿದರೆ, ಅದನ್ನು ತಳ್ಳೋ ಪಿಸ್ಟನ್ನು ತಡೆಯೋರಿಲ್ಲದೆ ಆಚೆ ಹಾರಿಬಿಡುತ್ತೆ. ಇಷ್ಟನ್ನೂ ಇವರು ನನಗೆ ಪಾಠ ಒಪ್ಪಿಸಿದ ಹಾಗೆ ಹೇಳಿದ್ದರು. ಅತ್ತೆ ಚಕ್ರದ ಪಕ್ಕ ಮಣೆ ಹಾಕಿಕೊಂಡು ಅವರೆಕಾಳು ಬಿಡಿಸುತ್ತಾ ಎಲ್ಲಾ ಕೇಳಿಸಿಕೊಳ್ಳುತ್ತಿದ್ದರು.

ಬಿಸಿಲು ಇನ್ನೂ ಹಾಲಿನ ಹಾಗಿತ್ತು. ಹೊಂಗೆ ಹೂವು ಒಂದೊಂದೇ ಮುಂದಿನ ಗಾಜಿನ ಮೇಲೆ ಬೀಳೋದು, ಸ್ವಲ್ಪ ಜಾರೋದು, ನಿಲ್ಲೋದು. ಪಕ್ಕದ ಬೀದಿಯಿಂದ ಶ್ಯಾವಿಗೆಯನ್ನು ತುಪ್ಪದಲ್ಲಿ ಹುರಿಯೋ ವಾಸನೆ ತೇಲಿಬರುತ್ತಿತ್ತು. ಒಂದು ಚಕ್ರ ಇಲ್ಲದ ಕಾರಿನಲ್ಲಿ ಸ್ಟಿಯರಿಂಗ್ ಹಿಡಿದು ಕೂತವಳಿಗೆ ನಾನು ಎಲ್ಲಿಗೋ ಹೋಗುತ್ತಿದ್ದೀನಿ ಅನ್ನಿಸತೊಡಗಿತು. ಮರ, ಗೇಟು, ಎದುರುಮನೆಯ ಗೋಡೆ ಎಲ್ಲವೂ ಮೆಲ್ಲಗೆ ಹಿಂದಕ್ಕೆ ಸರಿಯುತ್ತಿದ್ದವು. ಒಳಗೆ ಫೋನ್ ಹೊಡಕೊಂಡಿದ್ದು, ಇವರು ಕೈ ಒರೆಸಿಕೊಂಡು ಎದ್ದು ಹೋಗಿದ್ದು ನನಗೆ ಕನಸಿನಲ್ಲಿ ಕಂಡ ಹಾಗೆ ಕಂಡಿತು. ನನ್ನ ಕಾಲು ತಾನಾಗೇ ಪೆಡಲ್ ಮೇಲೆ ಹೋಗಿ ಕೂತಿತ್ತು.

ಅತ್ತೆ ಅದನ್ನು ನೋಡಿಬಿಟ್ಟರು. "ಒದ್ದು, ಒದ್ದು, ಒದ್ದು" ಅಂದರು.

ತೂಕಡಿಸುತ್ತಿದ್ದ ನನ್ನ ಕಿವಿಗೆ ಅದು ಒತ್ತು ಅಂತಲೇ ಕೇಳಿಸಿತು. ಮಗನ ಪರವಾಗಿ ತಾಯಿ ಹೇಳ್ತಿದ್ದಾರೆ ಅಂದುಕೊಂಡು, ವಿಧೇಯ ಸೊಸೆ ನಾನು, ಅವರು ಅಂದಷ್ಟು ಸಲ ಒತ್ತಿದೆ. ಕೆಳಗೆ ಟಪ್ ಅಂತು. ಇಳಿದು ನೋಡಿದರೆ ಪಿಸ್ಟನ್ನು ಆಚೆ ಬಿದ್ದು, ಬೆಳಿಗ್ಗೆ ಹಾಕಿದ ನನ್ನ ರಂಗೋಲಿಯ ಮೇಲೆ ಎಣ್ಣೆ ಹರಿಯುತ್ತಿತ್ತು. ಅತ್ತೆ ಅವರೆಕಾಯಿ ಕೈಯಲ್ಲೇ ಹಿಡಿದು ನನ್ನ ಮುಖ ನೋಡುತ್ತಿದ್ದರು.

ಆ ಹೊತ್ತಿಗೆ ಸರಿಯಾಗಿ ಇವರು ಮುಖ ಅರಳಿಸಿಕೊಂಡು ಈಚೆ ಬಂದರು. "ಅಮ್ಮಾ, ದೊಡ್ಡಮ್ಮ ಮಾತಾಡಿದಳಂತೆ" ಅಂದರು.

ದೊಡ್ಡಮ್ಮ ಅಂದರೆ ಅತ್ತೆಯ ಒಬ್ಬಳೇ ಅಕ್ಕ. ರಾಯಲ್ಪಾಡಿನಲ್ಲಿ ಮಗನ ಮನೆಯಲ್ಲಿದ್ದಾರೆ. ಮರೆವು ಹತ್ತಿ, ಮಾತು ನಿಂತು, ಹೆತ್ತ ಮಗನನ್ನೇ ಗುರುತು ಹಿಡಿಯದೆ ಎಷ್ಟೋ ತಿಂಗಳಾಗಿತ್ತು. ಆವತ್ತು ಎದ್ದವರೇ ಬಾಗಿಲ ಕಡೆ ನೋಡಿ "ಚೆಲ್ಲಿ ರಾಲೇದಾ?" ಅಂದರಂತೆ. ತಂಗಿ ಬರಲಿಲ್ವಾ ಅಂತ. ಮಗ ಅಳುತ್ತಲೇ ಫೋನ್ ಮಾಡಿದ್ದ.

ಅಷ್ಟು ಹೇಳಿ ಮುಗಿಸಿದ ಮೇಲೆ ಇವರು ನೆಲ ನೋಡಿದರು. ಏನಾಯ್ತು ಅಂತ ನಾನು ಹೇಳಿದೆ. "ಅಮ್ಮ ಒದ್ದು ಅಂದ್ರೆ ನೀನು ಒದ್ದೇಬಿಟ್ಟೆಯಲ್ಲೇ" ಅಂದರು. ಯಾರಿಗೂ ನಗು ಬರಲಿಲ್ಲ.

ಅತ್ತೆಗೆ ಬಸ್ಸು ಹತ್ತಿದರೆ ಮೊದಲನೇ ಸ್ಟಾಪಿಗೇ ವಾಂತಿ. ಬಾಡಿಗೆ ಕಾರಿನ ಇಬ್ಬರಿಗೆ ಫೋನ್ ಮಾಡಿದೆವು, ಇಬ್ಬರೂ ಹಬ್ಬದಲ್ಲಿದ್ದರು. "ಈಗ ಹೋದ್ರೆ ನನ್ನ ಗುರುತು ಹಿಡೀತಾಳೆ. ಸಂಜೆಗೆ ಆ ಗುರುತು ಇರುತ್ತೋ ಇಲ್ವೋ" ಅಂದರು ಅತ್ತೆ. ನನ್ನನ್ನು ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಅಕ್ಕ ಸತ್ತರೆ ಅಮಾವಾಸ್ಯೆ ನಿಲ್ಲೋಲ್ಲ ಅನ್ನೋ ಗಾದೆಯನ್ನು ನಾನು ಎಷ್ಟು ಸಲ ಆಡಿಲ್ಲ. ಆವತ್ತು ಆ ಗಾದೆ ಕಟ್ಟಿದವರ ಮೇಲೇ ಕೋಪ ಬಂತು.

ಇವರು ಪಿಸ್ಟನ್ನು ಒರೆಸಿ ವಾಪಸ್ಸು ಕೂರಿಸಿದರು. ಪುಣ್ಯಕ್ಕೆ ರಬ್ಬರು ಹರಿದಿರಲಿಲ್ಲ. ಹೊಸ ಪ್ಯಾಡೂ ಕೂತಿತು. ಆದರೆ ಎಣ್ಣೆ ಚೆಲ್ಲಿ ಪೈಪಿನೊಳಗೆ ಗಾಳಿ ಸೇರಿತ್ತು, ಅದನ್ನು ತೆಗೆಯದೆ ಬ್ರೇಕ್ ಹಿಡಿಯೋಲ್ಲ. ಒಬ್ಬರು ಪೆಡಲ್ ಒತ್ತಿ ಹಿಡಿದಿರಬೇಕು, ಕೆಳಗಿನವರು ಒಂದು ಚಿಕ್ಕ ನಟ್ಟು ಸಡಿಲಿಸಿ ಗಾಳಿ ಬಿಟ್ಟು ಮತ್ತೆ ಬಿಗಿ ಮಾಡಬೇಕು, ಆಮೇಲೇ ಕಾಲು ತೆಗೀಬೇಕು. ನಾನು ಸೀಟಿನ ಕಡೆ ಹೊರಟರೆ ಅತ್ತೆ ತಡೆದರು. "ಒದ್ದಮ್ಮಾ. ನಿನ್ನ ಕಾಲಿಗೆ ನಿದ್ದೆ ಜಾಸ್ತಿ. ನಾನು ಕೂತ್ಕೊತೀನಿ."

ಹುಟ್ಟಿದಾಗಿನಿಂದ ಸ್ಟಿಯರಿಂಗ್ ಮುಟ್ಟದ ಅತ್ತೆ ಸೀರೆ ಒತ್ತರಿಸಿಕೊಂಡು ಕೂತರು. ನಾನು ಕೆಳಗೆ ಇವರ ಪಕ್ಕ ಬಾಟಲಿ ಹಿಡಿದೆ. "ಒತ್ತಮ್ಮಾ... ಹಿಡ್ಕೋ... ಈಗ ಬಿಡು." ಅತ್ತೆಯ ಬರಿಗಾಲು ಒಂದೇ ಹದದಲ್ಲಿ ಇಳಿಯೋದು, ಏರೋದು. ನಟ್ಟಿಗೆ ಸಿಕ್ಕಿಸಿದ ಟ್ಯೂಬಿನಲ್ಲಿ ಎಣ್ಣೆಯ ಜೊತೆ ಗುಳ್ಳೆಗಳು ಸಾಲಾಗಿ ಬರುತ್ತಿದ್ದವು.

"ಒತ್ತೋದು ನಂಗೆ ಹೊಸದಾ?" ಅಂದರು ಅತ್ತೆ ಮೇಲಿನಿಂದ, ತಮಗೆ ತಾವೇ ಹೇಳಿಕೊಳ್ಳೋ ಹಾಗೆ. "ಚಿಕ್ಕೋಳಿದ್ದಾಗ ದಿನಾ ನಮ್ಮಕ್ಕನ ಕಾಲು ಒತ್ತುತಿದ್ದೆ. ಹಗಲೆಲ್ಲಾ ಮಾವಿನ ತೋಪಿನಲ್ಲಿ ಬುಟ್ಟಿ ಹೊತ್ತು ಬರೋಳು. ಒಂದು ಕಾಲು ಒತ್ತಿ ಆಗೋದ್ರಲ್ಲಿ, ಒದ್ದು ಬಿಡೇ, ನೀನೂ ದಣಿದಿದ್ದೀಯ ಅನ್ನೋಳು. ಬಾಯಲ್ಲಿ ಒದ್ದು ಅಂತಾನೇ ಇನ್ನೊಂದು ಕಾಲು ನೀಡೋಳು, ಕಳ್ಳಿ."

ಗುಳ್ಳೆ ನಿಂತವು. ಚಕ್ರ ಹಾಕಿ ಬೀದಿಯ ಕೊನೆಯವರೆಗೂ ಹೋಗಿ ನಿಲ್ಲಿಸಿ, ಮತ್ತೆ ಹೋಗಿ ನಿಲ್ಲಿಸಿ, ಇವರು ತೃಪ್ತಿಯಾದ ಮೇಲೆ ಹೊರಟಾಗ ಮಧ್ಯಾಹ್ನ ದಾಟಿತ್ತು.

ದಾರಿಯುದ್ದಕ್ಕೂ ಮಾವು. ಹೀಚುಕಾಯಿ ಗೊಂಚಲು ಗೊಂಚಲಾಗಿ ತೂಗುತ್ತಿದ್ದವು. ಕಾರು ಸದ್ದಿಲ್ಲದೆ ಹೋಗುತ್ತಿತ್ತು, ಸದ್ದಿಲ್ಲದೆ ನಿಲ್ಲುತ್ತಿತ್ತು. ಅಷ್ಟು ದಿನದ ಕಿರ್ರೋ ಹೋದ ಮೇಲೆ, ಬಂಡೆಗುಡ್ಡಗಳೂ ಟೊಮೆಟೊ ತೋಟಗಳೂ ನೀರಿನಡಿಯಲ್ಲಿ ಇರೋ ಹಾಗೆ ಕಾಣುತ್ತಿದ್ದವು. ಇಳಿಜಾರು ಬಂದಾಗೆಲ್ಲ ಅತ್ತೆಯ ಬಲಗಾಲು ಸುಮ್ಮನೆ ನೆಲ ಒತ್ತುತ್ತಿತ್ತು.

ದೊಡ್ಡಮ್ಮ ಜಗುಲಿಯ ಮಂಚದ ಮೇಲೆ ಹೊದ್ದು ಮಲಗಿದ್ದರು. ಅತ್ತೆ ಹತ್ತಿರ ಹೋಗಿ ಬಗ್ಗಿದರು. ಅಕ್ಕ ತಂಗಿಯನ್ನು ತುಂಬಾ ಹೊತ್ತು ನೋಡಿ "ಎವುರಮ್ಮಾ?" ಅಂದರು. ಯಾರಮ್ಮಾ ನೀನು ಅಂತ. ಆಮೇಲೆ ಮುಖ ತಿರುಗಿಸಿ ತೋಪಿನ ಕಡೆ ನೋಡುತ್ತಾ ಮಲಗಿದರು. ಅವರ ಮಗ ಬಾಗಿಲಲ್ಲೇ ತಲೆ ತಗ್ಗಿಸಿದ. "ಬೆಳಿಗ್ಗೆ ಚೆನ್ನಾಗಿದ್ರು ಚಿಕ್ಕಮ್ಮಾ" ಅಂದ. ನನಗೆ ನನ್ನ ಕಾಲನ್ನು ನೋಡಿಕೊಳ್ಳೋಕೂ ಆಗಲಿಲ್ಲ.

ಅತ್ತೆ ಮಂಚದ ಕೊನೆಗೆ ಕೂತು, ಹೊದಿಕೆ ಸರಿಸಿ, ಅಕ್ಕನ ಒಂದು ಪಾದ ತೊಡೆಯ ಮೇಲೆ ಎತ್ತಿಕೊಂಡು ಒತ್ತತೊಡಗಿದರು. ಬೆಳಗಿನ ಅದೇ ಹದ. ಬಿಸಿಲು ಜಗುಲಿಯಿಂದ ಇಳಿದು ಅಂಗಳಕ್ಕೆ ಹೋಯಿತು.

"ಒದ್ದು" ಅಂದರು ದೊಡ್ಡಮ್ಮ, ತೋಪಿನ ಕಡೆ ನೋಡುತ್ತಲೇ.

ಈ ಸಲ ನನಗೆ ಸರಿಯಾಗಿ ಕೇಳಿಸಿತು. "ಬೇಡ ಅಂತಿದ್ದಾರೆ ಅತ್ತೆ, ಬಿಟ್ಟುಬಿಡಿ" ಅಂದೆ.

ಅತ್ತೆ ಬಿಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಹೊದಿಕೆ ಅಲುಗಿತು. ಅದರೊಳಗಿಂದ ದೊಡ್ಡಮ್ಮನ ಇನ್ನೊಂದು ಕಾಲು ಮೆಲ್ಲಗೆ ಈಚೆ ಬಂದು ತಂಗಿಯ ಮಡಿಲು ಸೇರಿತು.