ರಾಗಿ ಕೊಟ್ಟವರಿಗೆ ಬೇಡ ಎಂದ ದಿನ

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಪುರವರದ ಹತ್ತಿರದ ಹಳ್ಳಿಯೊಂದರ ಶಿಶುವಿಹಾರದಲ್ಲಿ ಟೀಚರ್ ಆಗಿದ್ದೆ. ಅದನ್ನು ನಡೆಸುತ್ತಿದ್ದುದು ಊರಿನ ಮಹಿಳಾ ಮಂಡಳಿ. ಕೂಲಿಗೆ ಹೋಗುವವರು, ಕುರಿ ಹಿಂದೆ ಹೋಗುವವರು ಬೆಳಿಗ್ಗೆ ಮಕ್ಕಳನ್ನು ನಮ್ಮಲ್ಲಿ ಬಿಟ್ಟು ಹೋಗುತ್ತಿದ್ದರು. ಮಧ್ಯಾಹ್ನ ಎಲ್ಲರಿಗೂ ಬಿಸಿ ಮುದ್ದೆ, ಸಾರು. ರಾಗಿ, ಎಣ್ಣೆ ಎರಡೂ ಮಧುಗಿರಿಯ ಒಬ್ಬ ಸಾಹುಕಾರರ ದಾನ.

ಸಾಹುಕಾರರಿಗೆ ಕಡಲೆಕಾಯಿ ಎಣ್ಣೆ ಮಿಲ್ಲಿತ್ತು. ಹೊಟ್ಟೆ ದೊಡ್ಡದು, ಮನಸ್ಸೂ ಚಿಕ್ಕದಲ್ಲ. ತಿಂಗಳಿಗೊಮ್ಮೆ ಗಾಡಿಯ ಜೊತೆ ತಾವೇ ಬಂದು, ಪಂಚೆ ಎತ್ತಿ ಕಟ್ಟಿ, ಮಕ್ಕಳ ನಡುವೆ ಕುಕ್ಕರಿಸುತ್ತಿದ್ದರು. "ಲೇ ಮರಿ, ಮುದ್ದೆ ನುಂಗುದ್ಯೇನ್ಲಾ?" ಎಂದು ಒಂದೊಂದರ ಹೊಟ್ಟೆ ಮುಟ್ಟಿ ನೋಡುವರು. ಸ್ವಂತ ಮಕ್ಕಳಿಲ್ಲದ ಮನುಷ್ಯ. ನನಗೆ ಅವರನ್ನು ಕಂಡರೆ ಪ್ರೀತಿ, ಈಗಲೂ.

ಒಂದು ವರ್ಷ ಸುಗ್ಗಿಯಲ್ಲಿ ಬೇರೊಬ್ಬ ವ್ಯಾಪಾರಿ ಕಡಲೆಕಾಯಿ ಬಿಡಿಸಲು ಹೆಚ್ಚು ಕೂಲಿ ಕೊಟ್ಟ. ಅದುವರೆಗೆ ಸಾಹುಕಾರರ ಮಿಲ್ಲಿಗೆ ಹೋಗುತ್ತಿದ್ದ ಹೆಂಗಸರೆಲ್ಲ ಅವನ ಮಂಡಿಗೆ ಹೊರಟರು. ಸಾಹುಕಾರರು ಬಂದವರೇ ಮುಖ ಊದಿಸಿಕೊಂಡು ಹೇಳಿದರು: "ನನ್ ರಾಗಿ ತಿನ್ನೋ ಮಕ್ಳು ನನ್ ಮಕ್ಳಿದ್ದಂಗೆ. ಅವ್ರ ತಾಯಂದ್ರು ನನ್ ಮಿಲ್ಲಿಗೇ ಬರ್ಬೇಕಲ್ವಾ? ಬರ್ದೇ ಇರೋರ ಮಕ್ಳನ್ನ ಸೇರುಸ್ಬ್ಯಾಡಿ."

ಅದರಲ್ಲಿ ತಪ್ಪೇನಿದೆ ಎಂದೇ ಅವರಿಗೆ ಹೊಳೆದಿರಲಿಲ್ಲ. ನನಗೋ ಮೂಗಿನ ತುದಿಯಲ್ಲೇ ಕೋಪ. ಅವರು ಹೋದ ಮೇಲೆ, "ಉಳಿದಿರೋ ಮೂಟೆನೂ ವಾಪಸ್ ಎಸೆದು ಬರೋಣ ಅಕ್ಕ" ಎಂದೆ. ಅಕ್ಕ ಎಂದರೆ ಮಂಡಳಿಯ ಅಧ್ಯಕ್ಷೆ, ಊರಿಗೆಲ್ಲ ಅಕ್ಕ.

"ಮಕ್ಳ ಹೊಟ್ಟೆಗೆ ಅಂತ ಬಂದಿದ್ದನ್ನ ಎಸ್ಯಕ್ಕೆ ನೀನ್ಯಾರೇ? ಅದು ಮುಗೀಲಿ. ಮುಂದಕ್ಕೆ ಬ್ಯಾಡ ಅಂತ ಹೋಗಿ ಮಖ ನೋಡಿ ಹೇಳಾಣ."

ತಾಯಂದಿರನ್ನು ಕರೆದು ಕೇಳಿದಾಗ ಒಬ್ಬಾಕೆ ಅಳುಮೋರೆ ಮಾಡಿ, "ಇದೊಂದು ಸುಗ್ಗಿ ಅವ್ರ ತಾವೇ ಹೋಯ್ತೀವಿ ಬುಡಕ್ಕ, ಮಕ್ಳು ಉಣ್ಲಿ" ಎಂದಳು.

"ನಾಳೆ ಜ್ವರ ಬಂದು ನೀನು ಹೋಗ್ದಿದ್ರೆ? ನಿನ್ ಮಗೀನ ಹೊರಗೆ ಕೂರುಸ್ಲಾ?" ಎಂದರು ಅಕ್ಕ. ಆಕೆ ಮಗುವನ್ನು ಎತ್ತಿಕೊಂಡು, "ಹಂಗಾರೆ ಬ್ಯಾಡ ಬುಡಕ್ಕ" ಎಂದಳು.

ಎಣ್ಣೆ ಡಬ್ಬ ಸಾಹುಕಾರರದ್ದು, ಹಿಂದಿರುಗಿಸಬೇಕಿತ್ತು. ನಮ್ಮ ಕಡೆ ಕೊಟ್ಟವರ ಪಾತ್ರೆಯನ್ನು ಬರಿದಾಗಿ ಮರಳಿಸುವ ಪದ್ಧತಿಯಿಲ್ಲ. ತಾಯಂದಿರು ಒಬ್ಬೊಬ್ಬರೂ ಒಂದು ಹಿಡಿ ಹುರುಳಿ ತಂದು ಸುರಿದರು. ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಅಕ್ಕನೂ ನಾನೂ ಬಸ್ಸಿನಲ್ಲಿ ಮಧುಗಿರಿಗೆ ಹೋದೆವು.

ಅಕ್ಕ ಮೊದಲು ಅವರ ಉಪಕಾರವನ್ನೆಲ್ಲ ನೆನೆದರು. ಆಮೇಲೆ ದನಿ ಏರಿಸದೆ, "ಯಾರ ಮಗೀನೂ ನಾವು ಬಿಡಕ್ಕಾಗಲ್ಲ ಸಾವ್ಕಾರ್ರೆ. ಮುಂದಿನ ತಿಂಗ್ಳಿಂದ ಗಾಡಿ ಕಳುಸ್ಬ್ಯಾಡಿ" ಎಂದರು. ನಾನು ಕಾದಿದ್ದ ಜಗಳ ಆಗಲೇ ಇಲ್ಲ. ಸಾಹುಕಾರರು ಡಬ್ಬದ ಮುಚ್ಚಳ ತೆಗೆದು, ಹುರುಳಿಯಲ್ಲಿ ಬೆರಳಾಡಿಸಿದರು.

"ಮಕ್ಳನ್ನ ನೋಡಕ್ಕಾದ್ರೂ ಬರ್ಬೋದೇನಮ್ಮ?"

ಅಕ್ಕನ ಕಣ್ಣು ತುಂಬಿತ್ತು. "ಬನ್ನಿ. ಬರಿಗೈಲಿ ಬನ್ನಿ" ಎಂದರು.

ಮುಂದಿನ ತಿಂಗಳಿಂದ ಮುದ್ದೆ ಹೋಗಿ ಅಂಬಲಿ ಬಂತು. ಹೆಂಗಸರು ಕೂಲಿಯಲ್ಲಿ ಉಳಿಸಿ ಸೇರು, ಅರೆಸೇರು ರಾಗಿ ತಂದು ಹಾಕುತ್ತಿದ್ದರು, ಸಾಲುತ್ತಿರಲಿಲ್ಲ. ಇನ್ನಷ್ಟು ಬೇಕೆಂದು ಅಳುವ ಮಕ್ಕಳನ್ನು ಕಂಡಾಗ, ನಾವು ಮಾಡಿದ್ದು ಸರಿಯೇ ಎಂದು ನನಗೆ ಅನುಮಾನವಾಗುತ್ತಿತ್ತು.

ಒಂದು ಮಧ್ಯಾಹ್ನ ಸಾಹುಕಾರರು ಬಸ್ಸಿಳಿದು ನಡೆದು ಬಂದರು. ಕೈ ಎಲ್ಲಿಡಬೇಕೆಂದು ತಿಳಿಯದೆ ಬಾಗಿಲಲ್ಲೇ ನಿಂತರು. ಅಕ್ಕ ಕೂರಿಸಿ, ಮಕ್ಕಳಿಗೆ ಕೊಟ್ಟಂತೆಯೇ ಒಂದು ಲೋಟ ಅಂಬಲಿ ಕೊಟ್ಟರು. ಮೂಗು ಸೋರುವ ಹುಡುಗಿಯೊಂದು ಹೋಗಿ ಅವರ ತೊಡೆ ಏರಿತು. ಅವರು ಒಂದು ಗುಟುಕು ಕುಡಿದರು, ಲೋಟದೊಳಗೆ ನೋಡಿದರು, ಉಳಿದದ್ದನ್ನು ಅದಕ್ಕೇ ಕುಡಿಸಿದರು. ಅದರ ತಾಯಿ ಯಾರ ಮಂಡಿಗೆ ಹೋಗುತ್ತಾಳೆಂದು ಕೇಳಲಿಲ್ಲ.