ಜೇಬಿನಲ್ಲಿ ಕೋಳಿ ಪುಕ್ಕ ಇಟ್ಟುಕೊಂಡವರು

ಅವರ ಅಂಗಿ ಜೇಬಿನಲ್ಲಿ ಪೆನ್ನಿನ ಪಕ್ಕ ಯಾವಾಗಲೂ ಒಂದು ಕೋಳಿ ಪುಕ್ಕ ಇರುತ್ತಿತ್ತು. ಕಣ್ಣು ಮುಚ್ಚಿಸಿ, ಮೈಮೇಲಿನ ಬಿಳಿಮಚ್ಚೆಯನ್ನು ಅದರಿಂದ ಸವರಿ, "ಎಲ್ಲಿ ಮುಟ್ದೆ, ತೋರ್ಸು" ಎನ್ನುವರು. ತೋರಿಸಲು ಆಗದಿದ್ದರೆ ಕುಷ್ಠದ ಅನುಮಾನ. ಗೌನಿಪಲ್ಲಿ ಕಡೆಯ ಹಳ್ಳಿಗಳಿಗೆ ಸೈಕಲ್ಲಿನಲ್ಲಿ ಬರುತ್ತಿದ್ದ ಆ ಸರ್ಕಾರಿ ಆರೋಗ್ಯ ಸಹಾಯಕರನ್ನು ನಾವೆಲ್ಲ ಮಚ್ಚೆ ಸಾರ್ ಎನ್ನುತ್ತಿದ್ದೆವು.

ನಾನು ಏಳನೇ ಕ್ಲಾಸಿನಲ್ಲಿದ್ದಾಗ, ನನ್ನ ಮೊಣಕೈ ಮೇಲಿನ ಮಚ್ಚೆಗೆ ಪುಕ್ಕ ತಾಗಿದ್ದು ತಿಳಿಯಲಿಲ್ಲ. ಅವರು ಮುಖ ಬದಲಿಸದೆ ಅಜ್ಜಿಯನ್ನೂ, ಇಣುಕಲು ಬಂದಿದ್ದ ಪಕ್ಕದ ಮನೆಯವರನ್ನೂ ಅದೇ ಪುಕ್ಕದಿಂದ ಸವರಿದರು. ಒಬ್ಬರನ್ನೇ ನೋಡಿದರೆ ಊರಿಗೆಲ್ಲ ಗೊತ್ತಾಗುತ್ತದೆ ಎಂದು ಅವರ ಯೋಚನೆ. ಮಾತ್ರೆಗಳನ್ನು ತಿಂಗಳಿಗೊಮ್ಮೆ ಹಿಪ್ಪುನೇರಳೆ ತೋಟದಲ್ಲಿ ಅಮ್ಮನ ಕೈಗೆ ಕೊಡುತ್ತಿದ್ದರು. "ಹೆಣ್ಮಗು ಕಣಮ್ಮ, ಮದುವೆ ಆಗ್ಬೇಕು. ನಿನ್ನ ಯಜಮಾನ್ರಿಗೆ ಬಿಟ್ಟು ಇನ್ಯಾರ್ಗೂ ಹೇಳ್ಬೇಡ." ವರ್ಷಗಟ್ಟಲೆ ನುಂಗಿದೆ. ವಾಸಿಯಾಯಿತು.

ನಾನು ಹತ್ತನೇ ಕ್ಲಾಸಿನಲ್ಲಿದ್ದಾಗ ಕುಷ್ಠ ಜಾಗೃತಿಯ ತಿಂಗಳು ಬಂತು. ಜೀಪು, ಮೈಕು, ಬ್ಯಾನರು. ಘೋಷಣೆ ಕೂಗಿ ಗಂಟಲು ಕಟ್ಟಿದ್ದ ಶಾಲೆಯ ಮಕ್ಕಳೆಲ್ಲ ಬಿಸಿಲಲ್ಲಿ ಕೂತಿದ್ದೆವು. ಕೋಲಾರದಿಂದ ಬಂದಿದ್ದ ಅಧಿಕಾರಿ, "ಈ ಊರಲ್ಲಿ ವಾಸಿ ಆದೋರು ಯಾರ್ರೀ? ಮೇಲಕ್ಕೆ ಕರೀರಿ, ಜನ ನೋಡ್ಲಿ" ಎಂದರು. ಊರಲ್ಲಿ ವಾಸಿಯಾದವಳು ನಾನೊಬ್ಬಳೇ. ಸಾರ್ ನಮ್ಮ ಸಾಲಿನ ಕಡೆ ತಿರುಗಲೇ ಇಲ್ಲ. ತಾವೇ ವೇದಿಕೆ ಹತ್ತಿ, "ನಾನೇ ಸಾರ್. ನಂಗೇ ಬಂದಿತ್ತು" ಎಂದರು. ಚಪ್ಪಾಳೆ, ಹಾರ, ಫೋಟೋ ಎಲ್ಲ ಆಯಿತು.

ಮಾರನೆಯ ದಿನ ಹೋಟೆಲಿನವನು ಅವರ ಮುಂದೆ ಬೇರೆ ಲೋಟ ಇಟ್ಟ. "ಏಮನುಕೋವದ್ದು ಸಾರ್, ಬೇಜಾರ್ ಮಾಡ್ಕೋಬೇಡಿ." ಹಿಂದಿನ ದಿನ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ಅವನೇ. ಸಾರ್ ಅದರಲ್ಲೇ ಟೀ ಕುಡಿದು, ತಾವೇ ತೊಳೆದಿಟ್ಟು ಸೈಕಲ್ ಹತ್ತಿದರಂತೆ. ಕಣ್ಣಾರೆ ಕಂಡು ಬಂದ ಅಪ್ಪ ಆ ದಿನ ಸರಿಯಾಗಿ ಊಟ ಮಾಡಲಿಲ್ಲ. ವರ್ಗವಾಗುವವರೆಗೂ ಅವರಿಗೆ ಅದೇ ಲೋಟ.

ನನ್ನ ಮದುವೆಗೆ ಬಂದಾಗ ಕೇಳಿದೆ, "ಯಾಕ್ ಸಾರ್ ಅವತ್ತು ಹಂಗಂದ್ರಿ?"

"ಯಾರೋ ಒಬ್ರು ಏಳ್ಬೇಕಿತ್ತಲ್ಲಮ್ಮ. ನಂಗೇನು, ಮದುವೆ ಆಗೋಗಿತ್ತು."

ಅವರು ತೀರಿಕೊಂಡು ಬಹಳ ವರ್ಷವಾಯಿತು. ನಾನು ಟೀಚರಾಗಿ ರಿಟೈರಾಗುವವರೆಗೂ ಪ್ರತಿ ವರ್ಷ ಮಕ್ಕಳ ಕೈಲಿ ಅವೇ ಘೋಷಣೆ ಕೂಗಿಸಿದೆ. ಅದರಿಂದ ಏನೂ ಆಗಲಿಲ್ಲ ಎನ್ನಲಾರೆ. ಬ್ಯಾನರು ಓದಿ ಮಚ್ಚೆ ತೋರಿಸಲು ಬಂದವರನ್ನು ಕಂಡಿದ್ದೇನೆ. ಆದರೂ ಆ ಘೋಷಣೆಗಳು ಸಾಕಾಗಿ ಹೋಗಿದ್ದವು. "ವಾಸಿಯಾದವರು ಯಾರಾದರೂ ಇದ್ದೀರಾ?" ಎಂದು ವೇದಿಕೆಯಿಂದ ಕೇಳಿದಾಗಲೆಲ್ಲ ಸೆರಗನ್ನು ಮೊಣಕೈವರೆಗೆ ಎಳೆದುಕೊಂಡು, ಮಕ್ಕಳ ಸಾಲು ಸರಿಮಾಡುತ್ತಾ ನಿಂತುಬಿಡುತ್ತಿದ್ದೆ.