ಗುಂಯ್‌ಗುಡುವ ಎರಡನೇ ಗಿಟಾರ್

ನನ್ನ ಹತ್ತಿರ ಎರಡು ಎಲೆಕ್ಟ್ರಿಕ್ ಗಿಟಾರ್‌ಗಳಿವೆ. ಮೊದಲನೆಯದು ನನ್ನ ಹಾಡುಗಳಿಗೆ. ಎರಡನೆಯದು ಹೆಂಡತಿಯ ಹಾಡುಗಳಿಗೆ. ಅದರ ತಂತಿಗಳನ್ನು ಅವಳ ಕಂಠಕ್ಕೆ ಹೊಂದುವಂತೆ ಸ್ವಲ್ಪ ಇಳಿಸಿ ಕಟ್ಟಿರುತ್ತೇನೆ. ಸಿಂಧನೂರಿನಲ್ಲಿ ನಮ್ಮದೊಂದು ಪಾತ್ರೆ ಅಂಗಡಿ. ಮದುವೆಯ ದಿನಗಳು ಬಂದವೆಂದರೆ ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ, ಸುತ್ತಲಿನ ಊರುಗಳಿಗೆ ನಾವಿಬ್ಬರೂ ಹಾಡಲು ಹೋಗುತ್ತೇವೆ.

ಎರಡನೇ ಗಿಟಾರಿಗೆ ಒಂದು ರೋಗವಿತ್ತು. ವೈರು ಸಿಕ್ಕಿಸಿದರೆ ಸಾಕು, ಗುಂಯ್ ಎನ್ನಲು ಶುರು. ಗಿಟಾರಿನ ತಂತಿಗಳ ಕೆಳಗೆ ಅಯಸ್ಕಾಂತಕ್ಕೆ ತಾಮ್ರದ ಎಳೆ ಸುತ್ತಿದ ಪಟ್ಟಿಗಳಿರುತ್ತವೆ, ಪಿಕಪ್ ಎನ್ನುತ್ತಾರೆ. ತಂತಿಯ ನಾದವನ್ನು ಹಿಡಿದು ಸ್ಪೀಕರಿಗೆ ಕಳಿಸುವುದು ಅವುಗಳ ಕೆಲಸ. ಇದರಲ್ಲಿದ್ದವು ಹಳೆಯ ನಮೂನೆಯವು. ನಾದದ ಜೊತೆಗೆ ಸುತ್ತಲಿನ ಕರೆಂಟಿನ ಸದ್ದನ್ನೂ ಬಾಚಿಕೊಳ್ಳುತ್ತಿದ್ದವು. ಲಿಂಗಸುಗೂರಿನ ರಿಪೇರಿಯವನು ಬಿಚ್ಚಿ ನೋಡಿ, "ಇವನ್ನ ತಗದು ಜೋಡಿ ಸುತ್ತಿನವು ಹಾಕಿದ್ರ ಗಪ್ ಆಗತೈತ್ರಿ" ಅಂದಿದ್ದ. ಹೆಂಡತಿಗೆ ಅಷ್ಟು ಸಾಕಾಯಿತು.

"ನಾ ಮೆಲ್ಲಕ ಹಾಡು ಎತ್ತಿಕೊಳ್ಳಾಕತ್ತಿದ್ರ ಹಿಂದ ಹಿಟ್ಟಿನ ಗಿರಣಿ ನಡದಂಗ ಆಗತೈತಿ. ಬದಲಿ ಮಾಡಸ್ರಿ."

"ನೋಡೂಣು" ಎನ್ನುತ್ತಿದ್ದೆ. ನನ್ನ ನೋಡೂಣು ಎಂದರೆ ಇಲ್ಲ ಎಂದರ್ಥವೆಂಬುದು ಅವಳಿಗೆ ಮದುವೆಯಾದ ವರ್ಷವೇ ತಿಳಿದಿತ್ತು.

ಬದಲಿಸದಿರಲು ಕಾರಣ ಭಯ. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಕೆಲವು ವರ್ಷಗಳ ಹಿಂದೆ, ಇನ್ನೂ ಒಂದೇ ಗಿಟಾರ್ ಇದ್ದಾಗ, ಗುರುಗುಂಟಾದ ಒಂದು ಮದುವೆಗೆ ಹೋಗಿದ್ದೆವು. ಮಟಮಟ ಮಧ್ಯಾಹ್ನ. ಹಾಡುತ್ತಾ ಹಾಡುತ್ತಾ ಅವಳ ತುಟಿ ಮೈಕಿಗೆ ತಾಗಿತು. ಅದೇ ಹೊತ್ತಿಗೆ ಅವಳ ಕೈ ನನ್ನ ಗಿಟಾರಿನ ತಂತಿಗೆ ತಗುಲಿತು. ಹಾಡು ಅರ್ಧಕ್ಕೇ ತುಂಡಾಯಿತು. ಅವಳು ಹಲ್ಲು ಕಚ್ಚಿಕೊಂಡು ಕಟ್ಟಿಗೆಯ ಹಾಗೆ ಬಿದ್ದಳು. ಯಾರೋ ಓಡಿಹೋಗಿ ಮೇನ್ ಸ್ವಿಚ್ ಎಳೆದರು. ಅವಳು ಕಣ್ಣು ಬಿಡುವವರೆಗೆ ನನ್ನ ಜೀವ ನನ್ನಲ್ಲಿರಲಿಲ್ಲ. ಪೆಂಡಾಲಿಗೆ ಎಳೆದಿದ್ದ ಲೈನಿಗೆ, ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗೇ ಇರಲಿಲ್ಲ ಎಂದು ಆಮೇಲೆ ಗೊತ್ತಾಯಿತು.

ಊರಿಗೆ ಮರಳುವಾಗ ಬಸ್ಸಿನಲ್ಲಿ "ಹಾಡೂದು ಬಿಟ್ಟಬಿಡು" ಎಂದೆ.

"ನೀವು ಅಂಜುಬುರುಕ ಅದೀರಿ ಅಂತ ನಾ ಯಾಕ ಬಿಡ್ಲಿ?" ಎಂದಳು, ಸುಟ್ಟು ಊದಿದ ತುಟಿಯಲ್ಲೇ.

ಎರಡನೇ ಗಿಟಾರ್ ಬಂದದ್ದು ಅದಾದ ಮೇಲೆ. ದಢೇಸುಗೂರಿನ ಕಡೆ, ಕಾಲುವೆ ನೀರುಂಡ ಗದ್ದೆಯ ನೆಲದಲ್ಲಿ, ಅದರ ಗುಂಯ್ ಸಣ್ಣಗಿರುತ್ತಿತ್ತು. ಲಿಂಗಸುಗೂರು ಕಡೆಯ ಒಣಭೂಮಿಗೆ ಹೋದರೆ ಒಮ್ಮೊಮ್ಮೆ ಏರುತ್ತಿತ್ತು. ಒಂದು ಸಲ ಹಾಗೆ ವಿಪರೀತ ಏರಿದಾಗ ಅಲ್ಲಿನ ವೈರ್‌ಮನ್‌ನನ್ನು ಕರೆದು ತೋರಿಸಿದೆ. ಅರ್ಥಿಂಗಿಗೆಂದು ಬಡಿದ ಕಬ್ಬಿಣದ ಸಲಾಕೆ ಸುಡುವ ಒಣಮಣ್ಣಿನಲ್ಲಿ ಹೆಸರಿಗಷ್ಟೇ ನಿಂತಿತ್ತು. ಅವನು ಅದರ ಬುಡಕ್ಕೆ ಉಪ್ಪುನೀರು ಸುರಿದ. ಗಿಟಾರಿನ ಸದ್ದು ತಟ್ಟನೆ ಇಳಿಯಿತು. ಅಂದಿನಿಂದ ಆ ಗುಂಯ್ ನನಗೆ ಕಾವಲುಗಾರನಾಯಿತು. ಎಲ್ಲಿಗೆ ಹೋದರೂ ಮೊದಲು ಅದನ್ನು ಸಿಕ್ಕಿಸಿ ಕಿವಿಗೊಟ್ಟು ಕೇಳುವುದು, ಸದ್ದು ಸಣ್ಣಗಿದ್ದರೆ ಅವಳಿಗೆ ತಲೆಯಾಡಿಸುವುದು, ಆಮೇಲೆ ಅವಳು ಮೈಕಿನ ಹತ್ತಿರ ಹೋಗುವುದು. ಹೊಸ ಪಿಕಪ್ ಹಾಕಿಸಿ ಅದರ ಬಾಯಿ ಮುಚ್ಚಿದರೆ ನನಗೆ ಯಾರು ಹೇಳಬೇಕು?

ಕಳೆದ ಬೇಸಿಗೆಯಲ್ಲಿ ಮಸ್ಕಿಯಲ್ಲಿ ಒಂದು ತೊಟ್ಟಿಲ ಕಾರ್ಯವಿತ್ತು. ಗಿಟಾರ್ ಸಿಕ್ಕಿಸಿದೆ. ಸಣ್ಣಗೆ, ಹಿತವಾಗಿ ಗುಂಯ್ ಎಂದಿತು. ತಲೆಯಾಡಿಸಿದೆ. ಅವಳು ಮೈಕಿನ ಮುಂದೆ ನಿಂತು, ಸೆರಗು ಸರಿಮಾಡಿಕೊಳ್ಳುವ ನೆವದಲ್ಲಿ ಹಿಂಗೈಯಿಂದ ಮೈಕನ್ನು ಹಗುರಾಗಿ ಸವರಿದಳು. ಸವರಿದವಳೇ "ಯವ್ವಾ!" ಎಂದು ಕೈ ಕೊಡವಿ ಹಿಂದೆ ಸರಿದಳು.

ನನ್ನ ಸ್ಪೀಕರು ಗೋಡೆಯ ಸಾಕೆಟ್ಟಿನಲ್ಲಿತ್ತು. ಮೈಕಿನ ಮಷೀನಿಗೆ ಹೊರಗಿನಿಂದ ಬೇರೆ ಲೈನ್ ಎಳೆದಿದ್ದರು, ಅದಕ್ಕೆ ಅರ್ಥಿಂಗ್ ಇರಲಿಲ್ಲ. ನನ್ನ ಕಾವಲುಗಾರನಿಗೆ ತನ್ನ ಮನೆಯ ಸುದ್ದಿಯಷ್ಟೇ ಗೊತ್ತಿತ್ತು.

"ಗಿಟಾರ್ ಸುಮ್ನಿತ್ತಲ್ಲ..." ಎಂದು ತೊದಲಿದೆ.

"ನಿಮ್ಮ ಗಿಟಾರ್ ನಾ ಯಾವಾಗರ ನಂಬೀನೇನ್ರಿ?" ಎಂದಳು.

ಗುರುಗುಂಟಾದ ನಂತರ ಪ್ರತಿಸಲವೂ ಹೀಗೆ ಹಿಂಗೈ ತಾಗಿಸಿ ನೋಡಿಯೇ ಹಾಡುತ್ತಿದ್ದಳಂತೆ. ನಾನು ಸದ್ದಿಗೆ ಕಿವಿಗೊಟ್ಟು ಕೂತವನು, ಕಣ್ಣೆದುರಿಗಿದ್ದ ಅವಳ ಕೈಯನ್ನು ನೋಡಿರಲಿಲ್ಲ.

"ಅಂಜಿಕಿ ಏನ್?" ಎಂದು ಕೇಳಿದೆ.

"ಎಂಥಾ ಅಂಜಿಕಿ? ರೂಢಿ ಬಿದ್ದೈತಿ, ಅಷ್ಟ" ಎಂದು ಬೆರಳು ಉಜ್ಜಿಕೊಂಡಳು.

ಗಿಟಾರ್ ಕೆಳಗಿಟ್ಟು ಅಲ್ಲೇ ಒಂದು ಕುರ್ಚಿಯಲ್ಲಿ ಕೂತೆ. ನಾನು ತಲೆಯಾಡಿಸಿದ್ದನ್ನು ಅವಳು ನಂಬಿದ್ದರೆ? ಇಷ್ಟು ವರ್ಷ ಅವಳನ್ನು ಯಾವ ಧೈರ್ಯದ ಮೇಲೆ ಮೈಕಿನ ಮುಂದೆ ನಿಲ್ಲಿಸುತ್ತಾ ಬಂದೆ?

ಮುಂದಿನ ವಾರ ಲಿಂಗಸುಗೂರಿಗೆ ಹೋಗಿ ಪಿಕಪ್ ಬದಲಿಸಿಕೊಂಡು ಬಂದೆ. ಬರುವಾಗ ಒಂದು ಟೆಸ್ಟರ್ ಕೊಂಡೆ. ಈಗ ಕಾರ್ಯಕ್ರಮಕ್ಕೆ ಮುಂಚೆ ಮೈಕು, ಅದರ ಕಂಬ, ಸ್ಪೀಕರು, ಗಿಟಾರಿನ ತಂತಿ, ಎಲ್ಲಕ್ಕೂ ಅದನ್ನು ಹಿಡಿದು ನೋಡುತ್ತೇನೆ. ಹಾಡುಗಾರನೋ ಲೈನ್‌ಮನ್ನೋ ಎಂದು ಜನ ನಗುತ್ತಾರೆ, ನಗಲಿ.

ಹೊಸ ಪಿಕಪ್ಪಿನ ಮೊದಲ ಕಾರ್ಯಕ್ರಮ ಸಿಂಧನೂರಿನಲ್ಲೇ ಇತ್ತು. ಎಲ್ಲ ನೋಡಿ ಮುಗಿಸಿ ಎರಡನೇ ಗಿಟಾರ್ ಕೊರಳಿಗೆ ಹಾಕಿಕೊಂಡೆ. ಅದು ಪೂರಾ ಗಪ್ಪಾಗಿತ್ತು. ಅವಳು ಮೈಕಿಗೆ ಬಾಗಿದಳು. ಮೊದಲ ಪದಕ್ಕೆ ಮುಂಚೆ ನನ್ನ ಪಕ್ಕದಲ್ಲಿದ್ದ ಮೈಕಿನ ಸ್ಪೀಕರಿನಿಂದ ಅವಳ ಉಸಿರು ಕೇಳಿಸಿತು. ತುಂಡುತುಂಡಾಗಿ ಬರುತ್ತಿತ್ತು, ಜ್ವರ ಬಂದವರ ಉಸಿರಿನ ಹಾಗೆ ನಡುಗುತ್ತಿತ್ತು. ಇಷ್ಟು ವರ್ಷ ಆ ಗುಂಯ್ ಕೆಳಗೆ ಇದೆಲ್ಲ ಮುಚ್ಚಿಹೋಗಿತ್ತು.

ಅವಳು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ಹಾಡು ಎತ್ತಿಕೊಂಡಳು. ಎದುರಿಗೆ ಕೂತವರು ತಲೆದೂಗುತ್ತಿದ್ದರು. ನಾನು ಬಾರಿಸುವುದನ್ನು ಮರೆತು ಅವಳನ್ನೇ ನೋಡುತ್ತಾ ನಿಂತೆ.